ಟವೆಲ್ ಹಾಕಿದ ಮರ

ಕೂಕಟ್‌ಪಲ್ಲಿಯ ಹೌಸಿಂಗ್ ಬೋರ್ಡ್ ಕಾಲೊನಿಯಲ್ಲಿ ಕಾರು ಹೊರಗೆ ತೆಗೆಯುವುದು ಅರ್ಧ ಕೆಲಸ. ತೆಗೆದ ಮೇಲೆ ಇಳಿದು ಬಂದು, ಖಾಲಿಯಾದ ಜಾಗದಲ್ಲಿ ಬಕೆಟ್ ಇಡುವುದು ಉಳಿದರ್ಧ. ನಮ್ಮದು ಹಳೇ ಪೇಂಟಿನ ಬಕೆಟ್, ಒಳಗೆ ಕಲ್ಲು ಮಣ್ಣು ತುಂಬಿದೆ. ಪಕ್ಕದ ಮನೆಯವರದು ಕಾಲು ಮುರಿದ ಪ್ಲಾಸ್ಟಿಕ್ ಕುರ್ಚಿ. ಎದುರಿನ ಹಾಸ್ಟೆಲ್ಲಿನವರದು ಎರಡು ಸಿಮೆಂಟ್ ಇಟ್ಟಿಗೆ, ಅದರ ಮೇಲೊಂದು ಒಡೆದ ಹೆಲ್ಮೆಟ್ಟು. ರಸ್ತೆ ಯಾರದು ಅಂತ ಕೇಳಿದರೆ ಎಲ್ಲರೂ ನಗುತ್ತಾರೆ. ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದು ಬೆಳೆದವನು ನಾನು. ಇಲ್ಲಿ ಬಕೆಟ್ ಇಡುವಾಗ ಮನಸ್ಸಿಗೆ ಏನೂ ಅನ್ನಿಸಿರಲಿಲ್ಲ.

ಹೋದ ಚಳಿಗಾಲದಲ್ಲಿ ಅನ್ನಿಸಿತು. ಅದಕ್ಕೆ ಕಾರಣ ಒಂದು ಕೆರೆ, ಒಂದು ಬಲೆ, ಮತ್ತು ಮಿಷಿಗನ್ನಿನ ಒಬ್ಬ ಬಿಲ್ಲುಬೇಟೆಗಾರ.

ಹೈದರಾಬಾದಿನ ಕನ್ನಡಿಗರು ಅಂದರೆ ಹಿಂದೆ ಕಾಚಿಗುಡ. ನೃಪತುಂಗ ಶಾಲೆ, ಕರ್ನಾಟಕ ಸಾಹಿತ್ಯ ಮಂದಿರ ಎಲ್ಲಾ ಆ ಕಡೆಯೇ ಇವೆ. ಈಗ ಐಟಿ ಕೆಲಸಕ್ಕೆ ಬಂದ ನಮ್ಮಂಥವರು ಕೂಕಟ್‌ಪಲ್ಲಿ, ನಿಜಾಂಪೇಟೆ, ಮಿಯಾಪುರ ಅಂತ ಮುಂಬೈ ಹೆದ್ದಾರಿಯ ಗುಂಟ ಹರಡಿಕೊಂಡಿದ್ದೇವೆ. ಮೆಟ್ರೊ ಕಂಬಗಳ ಕೆಳಗೆ ಬದುಕು, ಗೋಡೆಗೆ ಗೋಡೆ ಅಂಟಿದ ಮನೆ, ಬಾಲ್ಕನಿಯಿಂದ ಕೈ ಚಾಚಿದರೆ ಎದುರು ಮನೆಯ ಒಣಗಿದ ಬಟ್ಟೆ ಸಿಗುತ್ತದೆ. ಮೊದಲ ಎರಡು ವರ್ಷ ನನಗೆ ಉಸಿರು ಕಟ್ಟಿದ ಹಾಗೇ ಇತ್ತು. ಆಮೇಲೆ ಒಂದು ಸೆಕೆಂಡ್ ಹ್ಯಾಂಡ್ ಕ್ಯಾಮೆರಾ, ಒಂದು ಉದ್ದನೆಯ ಲೆನ್ಸು ಕೊಂಡೆ. ಹಕ್ಕಿಯ ಹುಚ್ಚು ಅಂತ ಮನೆಯಲ್ಲಿ ಹೇಳುತ್ತೇನೆ. ನಿಜ ಹೇಳಬೇಕೆಂದರೆ, ವಾರಕ್ಕೊಮ್ಮೆ ಸುತ್ತ ಯಾರೂ ಇಲ್ಲದ ಒಂದು ಜಾಗದಲ್ಲಿ ಎರಡು ಗಂಟೆ ಸುಮ್ಮನೆ ಕೂರುವ ಹುಚ್ಚು ಅದು.

ಕೂಕಟ್‌ಪಲ್ಲಿಗೂ ಕೆರೆಗಳಿವೆ. ಐಡಿಎಲ್ ಕೆರೆ ಹೆಚ್ಚಿನವರಿಗೆ ನೆನಪಾಗುವುದು ಗಣಪತಿ ಬಿಡುವಾಗ. ನಲ್ಲ ಚೆರುವು ಅಂತ ಇನ್ನೊಂದಿದೆ, ಕಪ್ಪು ಕೆರೆ ಅಂತ ಅರ್ಥ. ಅದರ ಅಂಗಳದಲ್ಲಿ ಎದ್ದಿದ್ದ ಶೆಡ್ಡುಗಳನ್ನು 2024ರ ಸೆಪ್ಟೆಂಬರಿನಲ್ಲಿ ಹೈಡ್ರಾದವರು ಜೆಸಿಬಿ ತಂದು ಕೆಡವಿದ್ದು ನೀವೂ ಟೀವಿಯಲ್ಲಿ ನೋಡಿರಬಹುದು. ಆದರೆ ಕ್ಯಾಮೆರಾ ಇಟ್ಟು ಕೂರಲು ನನಗೆ ಒಗ್ಗಿದ್ದು ಅಮೀನ್‌ಪುರದ ಪೆದ್ದ ಚೆರುವು. ನಮ್ಮ ಮನೆಯಿಂದ ಹೊರಟು, ಮೆಟ್ರೊ ಮುಗಿಯುವ ಮಿಯಾಪುರ ದಾಟಿ, ಚಂದಾನಗರ ದಾಟಿ, ಬೀರಂಗೂಡದಲ್ಲಿ ಬಲಕ್ಕೆ ತಿರುಗಿದರೆ, ಬೆಳಗಿನ ಐದು ಗಂಟೆಯಲ್ಲಿ ಅರ್ಧ ಗಂಟೆಯ ದಾರಿ. ಅದೇ ದಾರಿಗೆ ಸಂಜೆ ಎಷ್ಟು ಹೊತ್ತು ಅಂತ ಕೇಳಬೇಡಿ.

ಈ ಕೆರೆ ಕಟ್ಟಿಸಿದ್ದು ಕುತುಬ್‌ಶಾಹಿ ಸುಲ್ತಾನ ಇಬ್ರಾಹಿಂನ ಕಾಲದಲ್ಲಿ, ಅಂದರೆ ಹದಿನಾರನೇ ಶತಮಾನದಲ್ಲಿ. 2016ರಲ್ಲಿ ಇದನ್ನು ಜೀವವೈವಿಧ್ಯ ಪರಂಪರೆಯ ತಾಣ ಅಂತ ಘೋಷಿಸಿದರು. ಊರೊಳಗಿನ ಕೆರೆಯೊಂದಕ್ಕೆ ದೇಶದಲ್ಲೇ ಮೊದಲು ಸಿಕ್ಕ ಬಿರುದು ಅದು. ಬಿರುದು ಸಿಕ್ಕಿತೆಂದು ಸುತ್ತಲಿನ ಅಪಾರ್ಟ್‌ಮೆಂಟುಗಳು ಹಿಂದೆ ಸರಿದು ನಿಲ್ಲಲಿಲ್ಲ. ಆದರೂ ಚಳಿಗಾಲದಲ್ಲಿ ರಾಜಹಂಸಗಳು ಬರುತ್ತವೆ. ದಡದ ಹೆಬ್ಬಂಡೆಗಳ ಹಿಂದಿನಿಂದ ಬಿಸಿಲು ಏಳುವಾಗ ನೀರು ತಾಮ್ರದ ಹಂಡೆಯ ಬಣ್ಣಕ್ಕೆ ತಿರುಗುತ್ತದೆ. ಆಗ ಹಿಂದಿರುವ ಹತ್ತಂತಸ್ತಿನ ಕಟ್ಟಡ ಚೌಕಟ್ಟಿನೊಳಗೆ ಬರದ ಹಾಗೆ ಕ್ಯಾಮೆರಾ ಹಿಡಿಯುವುದೇ ಒಂದು ವಿದ್ಯೆ.

ನನ್ನ ಜಾಗ ಅಂತ ನಾನು ಅಂದುಕೊಂಡಿದ್ದು ಒಂದು ಬಂಡೆಯ ಪಕ್ಕ, ನೀರಿಗೆ ಬಾಗಿದ ಎರಡು ಜಾಲಿ ಮರಗಳ ನಡುವೆ. ಎದುರಿಗೆ ಅರ್ಧ ಮುಳುಗಿದ ಇನ್ನೊಂದು ಜಾಲಿಯ ಒಣಕೊಂಬೆ. ಕಪ್ಪು ಬಿಳುಪಿನ ಮಿಂಚುಳ್ಳಿಯೊಂದು ದಿನಾ ಅದರ ಮೇಲೇ ಬಂದು ಕೂರುತ್ತದೆ. ಅಲ್ಲಿಂದ ಹಾರಿ, ನೀರಿನ ಮೇಲೆ ಒಂದೇ ಕಡೆ ರೆಕ್ಕೆ ಬಡಿಯುತ್ತಾ ನಿಂತು, ಕಲ್ಲು ಬಿದ್ದ ಹಾಗೆ ಬಿದ್ದು, ಮೀನು ಹಿಡಿದು, ಮತ್ತೆ ಅದೇ ಕೊಂಬೆಗೆ ವಾಪಸ್. ಹದಿನೈದು ಮೀಟರ್ ದೂರ, ಬೆಳಕು ಬೆನ್ನ ಹಿಂದೆ. ಇಂಥ ಜಾಗ ಸಿಕ್ಕವನು ಮದುವೆಮನೆ ಊಟ ಬೇಕಾದರೂ ಬಿಟ್ಟಾನು.

ಅಕ್ಟೋಬರಿನಲ್ಲಿ ಆನ್‌ಲೈನಿನಲ್ಲಿ ಮಿಲಿಟರಿ ಬಣ್ಣದ ಒಂದು ಬಲೆಬಟ್ಟೆ ತರಿಸಿದೆ. ಎರಡು ಜಾಲಿ ಮರಕ್ಕೂ ಸೇರಿಸಿ ಮರೆ ಕಟ್ಟಿದೆ. ಫೋಟೊ ಚೆನ್ನಾಗಿ ಬಂದವು. ವಾಪಸ್ ಹೊರಡುವಾಗ ಬಿಚ್ಚಲು ಹೋದರೆ ಮುಳ್ಳಿಗೆ ಸಿಕ್ಕಿಕೊಂಡಿತ್ತು, ಹೊತ್ತಾಗಿತ್ತು. ಮುಂದಿನ ವಾರ ಹೇಗೂ ಬರುತ್ತೇನಲ್ಲ ಅಂತ ಹಾಗೇ ಬಿಟ್ಟೆ. ಸುಳ್ಳು ಯಾಕೆ, ಬಿಡುವಾಗ ಮನಸ್ಸಿನಲ್ಲಿ ಇನ್ನೊಂದೂ ಇತ್ತು. ಬಲೆ ಇದ್ದರೆ ಜಾಗ ಯಾರೋ ಹಿಡಿದಿದ್ದಾರೆ ಅಂತ ನೋಡಿದವರಿಗೆ ಗೊತ್ತಾಗುತ್ತದೆ.

ಮೂರನೇ ಭಾನುವಾರ ಹೋದಾಗ ನನ್ನ ಬಲೆಯ ಹಿಂದೆ ಒಬ್ಬ ಹುಡುಗ ಕೂತಿದ್ದ. ಇಪ್ಪತ್ತು ಇಪ್ಪತ್ತೊಂದು ಇರಬಹುದು. ಕೈಯಲ್ಲಿ ಯಾರದೋ ಎರವಲು ಕ್ಯಾಮೆರಾ, ಅದರ ಪಟ್ಟಿಯನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡಿದ್ದ. ನಾನು ಟಾರ್ಚ್ ಅವನ ಮುಖಕ್ಕೇ ಬಿಟ್ಟೆ. ನನ್ನ ಹರಕು ತೆಲುಗಿನಲ್ಲಿ, ಸಾಲದ ಕಡೆ ಹಿಂದಿ ಸೇರಿಸಿ, ಇದು ನಾನು ಕಟ್ಟಿದ್ದು, ಏಳು ಅಂದೆ. ಅವನು ಮಾತಾಡದೆ ಎದ್ದ. ಬ್ಯಾಗು ಹೆಗಲಿಗೆ ಹಾಕಿಕೊಂಡು ಬಂಡೆ ಇಳಿಯುತ್ತಾ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದ: "ಯಾರೋ ಒಬ್ಬ ಅಂಕಲ್ ಬಂದು ಎಬ್ಬಿಸಿದ್ನಪಾ. ಕೆರಿ ಅವಂದ ಅಂತ."

ಕನ್ನಡ! ಬೀದರ್ ಕಲಬುರಗಿ ಕಡೆಯ ಕನ್ನಡ. ನಾನು ಕೂಗಿ ಕರೆಯಬಹುದಿತ್ತು. ಕರೆಯಲಿಲ್ಲ. ಅವನು ಎಬ್ಬಿಸಿದ ಸದ್ದಿಗೋ, ನಾನು ಕೂಗಾಡಿದ ಸದ್ದಿಗೋ, ಅವತ್ತು ಮಿಂಚುಳ್ಳಿ ಬರಲೂ ಇಲ್ಲ.

ಮಾರನೇ ದಿನ ಸಂಜೆ ಎಂದಿನ ಕಾಲ್. ನಮ್ಮ ಕ್ಲಯಂಟಿನ ಕಡೆ ಕೂರುವಾತ ಮಿಷಿಗನ್ನಿನವನು. ಅಕ್ಟೋಬರ್ ಬಂದರೆ ಸೋಮವಾರಗಳಲ್ಲಿ ಆತನ ಕಣ್ಣಲ್ಲಿ ನಿದ್ದೆ ತೂಗುತ್ತಿರುತ್ತದೆ, ಯಾಕೆಂದರೆ ಅವರಲ್ಲಿ ಬಿಲ್ಲುಬಾಣದ ಜಿಂಕೆ ಬೇಟೆ ಅಕ್ಟೋಬರ್ 1ಕ್ಕೆ ಶುರುವಾಗಿ ನವೆಂಬರ್ 14ರವರೆಗೆ ನಡೆಯುತ್ತದೆ. 15ರಿಂದ ಕೋವಿಯವರ ಸರದಿ. ಉಳಿದವರು ಸೇರುವವರೆಗೆ ಹರಟುವಾಗ ನಾನು ಭಾನುವಾರದ ಕಥೆ ಹೇಳಿದೆ, ಸ್ವಲ್ಪ ಹೆಮ್ಮೆಯಿಂದಲೇ. ಆತ ನಕ್ಕು, ತನಗೂ ಮೊನ್ನೆ ಹಾಗೇ ಆಯಿತು ಅಂದ. ಸರಕಾರಿ ಕಾಡಿನಲ್ಲಿ ತಾನೇ ಕಟ್ಟಿದ ಅಟ್ಟಣೆಗೆ ಬೆಳಗಿನ ಜಾವ ಕತ್ತಲಲ್ಲಿ ಒಂದು ಮೈಲಿ ನಡೆದು ಹೋದರೆ, ಮೇಲೆ ಬೇರೆ ಯಾರೋ ಕೂತಿದ್ದಾನೆ. ಮೇಲಿನವನು ಸಣ್ಣ ಟಾರ್ಚನ್ನು ಎರಡು ಸಲ ಮಿಣುಕಿಸಿದನಂತೆ, ಇಲ್ಲಿದ್ದೇನೆ ಅಂತ.

"ಆಮೇಲೆ ಏನು ಮಾಡಿದೆ?" ಅಂದೆ.

"ಬಂದ ದಾರಿಯಲ್ಲೇ ವಾಪಸ್ ಹೋದೆ."

"ಅಟ್ಟಣೆ ನಿನ್ನದು. ನಿನ್ನ ಹೆಸರು ಬರೆದಿತ್ತಲ್ಲ?"

ಆತ ಹೇಳಿದ್ದರ ಸಾರ ಇಷ್ಟು: ಅಟ್ಟಣೆ ನನ್ನದು, ಮರ ನನ್ನದಲ್ಲವಲ್ಲ. ಹೆಸರು ಬರೆಸುವುದು ನಾನು ತಪ್ಪು ಮಾಡಿದರೆ ಯಾರಿಗೆ ದಂಡ ಹಾಕಬೇಕು ಅಂತ ಅವರಿಗೆ ಗೊತ್ತಾಗಲಿ ಅಂತ.

ಕಾಲ್ ಮುಗಿದ ಮೇಲೂ ಇದು ತಲೆಯಲ್ಲಿ ಉಳಿಯಿತು. ಆಮೇಲಿನ ಎರಡು ಮೂರು ಸೋಮವಾರ ಆತನಿಂದ ಕೇಳಿ ತಿಳಿದೆ, ನಾನೂ ಅಷ್ಟಿಷ್ಟು ಓದಿದೆ. ಮಿಷಿಗನ್ನಿನಲ್ಲಿ ರಾಜ್ಯದ ಕಾಡೇ ಸುಮಾರು 40 ಲಕ್ಷ ಎಕರೆ. ಲೈಸೆನ್ಸ್ ಇದ್ದವರು ಯಾರು ಬೇಕಾದರೂ ಹೋಗಿ ಬೇಟೆಯಾಡಬಹುದು. ಕೋವಿಯವನಿಗೆ ನೂರು ಮೀಟರ್ ದೂರದ ಜಿಂಕೆಯೂ ಸಾಕು. ಬಿಲ್ಲಿನವನಿಗೆ ಅದು ಇಪ್ಪತ್ತು ಮೂವತ್ತು ಮೀಟರಿನೊಳಗೆ ಬರಬೇಕು. ಅದಕ್ಕೇ ಹದಿನೈದು ಇಪ್ಪತ್ತು ಅಡಿ ಎತ್ತರದಲ್ಲಿ, ಗಾಳಿ ತನ್ನಿಂದ ಜಿಂಕೆಯ ದಾರಿಯ ಕಡೆಗೆ ಬೀಸದ ಮರ ನೋಡಿ ಪುಟ್ಟ ಹಲಗೆ ಕಟ್ಟಿಕೊಳ್ಳುತ್ತಾರೆ. ಸೊಂಟಕ್ಕೂ ಹೆಗಲಿಗೂ ಪಟ್ಟಿ ಬಿಗಿದು ಮರಕ್ಕೆ ಸಿಕ್ಕಿಸಿಕೊಳ್ಳುತ್ತಾರೆ. ಬಿಲ್ಲನ್ನು ಕೈಯಲ್ಲಿ ಹಿಡಿದು ಹತ್ತುವುದಿಲ್ಲ, ಕೂತ ಮೇಲೆ ಹಗ್ಗದಿಂದ ಮೇಲೆಳೆದುಕೊಳ್ಳುತ್ತಾರೆ. ಬೇಟೆಯ ಕಾಲದಲ್ಲಿ ಮರದಿಂದ ಬಿದ್ದು ಬೆನ್ನು ಮುರಿದುಕೊಳ್ಳುವವರು ಕಡಿಮೆಯಲ್ಲ. ಮರದ ಸಿಪ್ಪೆ ದಾಟುವ ಮೊಳೆ, ಸ್ಕ್ರೂ ಹೊಡೆಯುವ ಹಾಗಿಲ್ಲ. ಸೆಪ್ಟೆಂಬರ್ 1ಕ್ಕೆ ಮೊದಲು ಕಟ್ಟುವ ಹಾಗಿಲ್ಲ, ಮಾರ್ಚ್ 1 ಆದ ಮೇಲೆ ಬಿಡುವ ಹಾಗಿಲ್ಲ.

ಇದಿಷ್ಟು ಕಾನೂನು. ಕಾನೂನಿನಲ್ಲಿ ಇಲ್ಲದ್ದು ಅದಕ್ಕಿಂತ ಹೆಚ್ಚು. ದಾರಿಯ ತುದಿಯಲ್ಲಿ ಬೇರೆಯವರ ಕಾರು ಕಂಡರೆ ಆ ಮೂಲೆ ಬಿಟ್ಟು ಬೇರೆ ಮೂಲೆಗೆ ಹೋಗುತ್ತಾರೆ. ಕೂತವನು ಕಂಡರೆ ಕೈಯೆತ್ತಿ ತೋರಿಸಿ, ಅವನ ಮುಂದಿನಿಂದಲ್ಲ, ಹಿಂದಿನಿಂದ ಸುತ್ತಿಹೋಗುತ್ತಾರೆ. ಅವನ ಕಣ್ಣಳತೆಯಲ್ಲಿ ಇನ್ನೊಂದು ಅಟ್ಟಣೆ ಕಟ್ಟುವುದಿಲ್ಲ. ಜಿಂಕೆ ಓಡಾಡುವ ಮೊದಲ ಒಂದೂವರೆ ಗಂಟೆ ಹೊತ್ತು, ತನಗೆ ಬೇಸರವಾಯಿತೆಂದು ಇಳಿದು ಕಾಡೆಲ್ಲಾ ತಿರುಗಾಡುವುದಿಲ್ಲ. ಇನ್ನೊಬ್ಬನ ಬಾಣ ತಗುಲಿದ ಜಿಂಕೆ ತನ್ನ ಮರದ ಕೆಳಗೆ ಬಂದು ಬಿದ್ದರೆ ಹುಡುಕಿ ಬರುವವನಿಗೆ ದಾರಿ ತೋರಿಸುತ್ತಾರೆ. ಎಲ್ಲರೂ ಇದನ್ನೆಲ್ಲ ಪಾಲಿಸುತ್ತಾರಾ ಅಂತ ಕೇಳಿದ್ದಕ್ಕೆ ಆತ ತೀರಾ ಗಟ್ಟಿಯಾಗಿ ನಕ್ಕ. ಅಟ್ಟಣೆ ಕದಿಯುವವರು, ಪಟ್ಟಿ ಕೊಯ್ಯುವವರು, ಒಂದೊಂದು ಮೂಲೆಗೂ ಒಂದೊಂದು ಅಟ್ಟಣೆ ಕಟ್ಟಿ ಇಡೀ ಕಾಡೇ ತಮ್ಮದೆನ್ನುವವರು ಎಲ್ಲಾ ಇದ್ದಾರಂತೆ. ಅದಿರಲಿ. ಕೊನೆಯ ಮಾತು ಕೇಳಿದಾಗ ನನ್ನ ಬಾಯಿ ಒಣಗಿತು.

ಆದರೆ ನನಗೆ ಇದೆಲ್ಲ ಕೇಳುತ್ತಿದ್ದ ಹಾಗೆ ನೆನಪಾದದ್ದು ಅಮೆರಿಕವಲ್ಲ, ನಮ್ಮಜ್ಜ. ಈ ಮಾತೆಲ್ಲ ಬೇರೆ ಭಾಷೆಯಲ್ಲಿ ಅಜ್ಜನ ಬಾಯಲ್ಲಿ ನಾನು ಕೇಳಿದ್ದೆ.

ನಮ್ಮ ಮಲೆನಾಡಿನ ಕಡೆ ಇದಕ್ಕೆ ಮರಸು ಅನ್ನುತ್ತಿದ್ದರು. ಕಾಡಿನಲ್ಲಿ ಹಣ್ಣು ಉದುರುವ ಮರ ಯಾವುದು ನೋಡಿಕೊಂಡು, ಅತ್ತಿಯೋ ಬಸರಿಯೋ ಹಲಸೋ, ಅದರಲ್ಲಿ ಅಥವಾ ಪಕ್ಕದ ಮರದಲ್ಲಿ ಅಡಿಕೆ ದಬ್ಬೆಯ ಅಟ್ಟಣೆ ಕಟ್ಟಿ, ಕೋವಿ ಹಿಡಿದು ಬೆಳದಿಂಗಳಲ್ಲಿ ಕೂರುವುದು. ಹಣ್ಣು ತಿನ್ನಲು ಕಾಡುಕುರಿಯೋ ಹಂದಿಯೋ ಕಡವೆಯೋ ಬರುತ್ತದೆ. ಬೀಡಿ ಹಚ್ಚುವಂತಿಲ್ಲ, ಕೆಮ್ಮುವಂತಿಲ್ಲ. ನಾಯಿ ಬಿಟ್ಟು ಹಳು ನುಗ್ಗಿ ಸೋಹುವ ಬೇಟೆ ಬೇರೆ. ಅದರಲ್ಲಿ ಕೋವಿಯವರು ಕಾದು ನಿಲ್ಲುವ ಜಾಗಕ್ಕೆ ಬಿಲ್ಲು ಅಂತ ಹೆಸರು. "ನಿಂಗೆ ಯಾವ ಬಿಲ್ಲು?" ಅಂತ ಕೇಳುತ್ತಿದ್ದರು. ಕೈಯಲ್ಲಿ ತೋಟಾಕೋವಿ ಬಂದು ಎಷ್ಟೋ ಕಾಲವಾಗಿದ್ದರೂ ನಿಲ್ಲುವ ಜಾಗಕ್ಕೆ ಬಿಲ್ಲಿನ ಹೆಸರೇ ಉಳಿದಿತ್ತು. ನಮ್ಮ ಹಿರಿಯರೂ ಒಂದು ಕಾಲದಲ್ಲಿ ಮಿಷಿಗನ್ನಿನವನ ಹಾಗೇ ಕೂರುತ್ತಿದ್ದರೋ ಏನೋ ಅಂತ ನಾನು ಆತನಿಗೆ ಹೇಳಿದಾಗ ಆತನಿಗೆ ಬಹಳ ಖುಷಿಯಾಯಿತು.

1972ರ ವನ್ಯಜೀವಿ ಕಾನೂನು ಬಂದ ಮೇಲೆ ಇದೆಲ್ಲ ಅಪರಾಧ. ಆಗಬೇಕಾದ್ದೇ. ನಾನು ಹುಟ್ಟುವ ಹೊತ್ತಿಗೆ ಅಜ್ಜ ಕೋವಿ ಗೋಡೆಗೆ ನೇತುಹಾಕಿದ್ದರು. ಅಪ್ಪನ ಕಾಲಕ್ಕೆ ಅದರ ಕೆಲಸ ಎರಡೇ ಉಳಿದಿತ್ತು: ಅಡಿಕೆ ತೋಟದ ಮಂಗ ಓಡಿಸಲು ಒಂದು ಸದ್ದು ಮಾಡುವುದು, ಚುನಾವಣೆ ಬಂದಾಗ ಪೊಲೀಸ್ ಠಾಣೆಗೆ ಹೋಗಿ ಜಮಾ ಆಗುವುದು. ಆದರೆ ಕಥೆಗಳಿದ್ದವು. ಮಳೆಗಾಲದ ರಾತ್ರಿ ಹಂಡೆಯೊಲೆ ಮುಂದೆ ಅಜ್ಜ ಹೇಳುತ್ತಿದ್ದ ಕಥೆಗಳಲ್ಲಿ ಹೊಡೆದ ಹಂದಿಗಿಂತ ಯಾರು ಎಲ್ಲಿ ಕೂತಿದ್ದರು ಅನ್ನುವುದೇ ಹೆಚ್ಚು. ಅದು ಯಾಕೆ ಅಂತ ಗೊತ್ತಾಗಿದ್ದು ನಮ್ಮನೆಗೆ ಕೆಲಸಕ್ಕೆ ಬರುತ್ತಿದ್ದ ಒಬ್ಬರ ಕಾಲು ನೋಡಿ. ಅವರು ಎಡಗಾಲು ಎಳೆದು ನಡೆಯುತ್ತಿದ್ದರು. ಬೇಸಿಗೆಯಲ್ಲಿ ಪಂಚೆ ಮೇಲೆತ್ತಿ ಕಟ್ಟಿದಾಗ ತೊಡೆಯ ಮೇಲೆ ಮೆಣಸಿನಕಾಳು ಹರಡಿದ ಹಾಗೆ ಕಪ್ಪು ಚುಕ್ಕೆಗಳು ಕಾಣುತ್ತಿದ್ದವು.

ಕಥೆ ಇದು. ಒಂದು ರಾತ್ರಿ ಇಬ್ಬರು ಮರಸಿಗೆ ಹೋಗಿದ್ದಾರೆ. ಒಬ್ಬನಿಗೆ ಹಳ್ಳದ ಪಕ್ಕದ ಹಲಸು, ಇನ್ನೊಬ್ಬನಿಗೆ, ಅಂದರೆ ಇವರಿಗೆ, ಮೇಲಿನ ದಿಬ್ಬದ ಬಸರಿ. ಸಂಜೆ ಅಜ್ಜನ ಮನೆಯ ಅಂಗಳದಲ್ಲಿ ಹಾಗಂತ ಮಾತಾಗಿದೆ. ಇವರು ಹತ್ತಿ ಕೂತು ಸ್ವಲ್ಪ ಹೊತ್ತಿಗೆ ಮರದ ತುಂಬ ಚಿಗಳಿ. ಕಚ್ಚಿಸಿಕೊಂಡು ತಡೆಯಲಾರದೆ ಇಳಿದಿದ್ದಾರೆ. ಸದ್ದಾದರೆ ಮೃಗ ಓಡುತ್ತದೆ, ಗೆಳೆಯನ ಬೇಟೆ ಕೆಡುತ್ತದೆ ಅಂತ ಉಪಕಾರದ ಬುದ್ಧಿಯಿಂದಲೇ ಕೂಕುಳು ಹಾಕದೆ, ಮೆತ್ತಗೆ, ತರಗೆಲೆ ಮೇಲೆ ಒಂದೊಂದೇ ಹೆಜ್ಜೆ ಇಡುತ್ತಾ ಹಳ್ಳದ ಕಡೆಯ ಇನ್ನೊಂದು ಮರಕ್ಕೆ ಹೊರಟಿದ್ದಾರೆ. ಹಲಸಿನ ಮೇಲಿದ್ದವನಿಗೆ ಕೇಳಿಸಿದ್ದು ತರಗೆಲೆಯ ಮೇಲೆ ಒಂದೊಂದೇ ಹೆಜ್ಜೆ. ಈಡು ಹೊಡೆದಿದ್ದಾನೆ.

ಜೀವ ಉಳಿಯಿತು, ಕೆಲವು ಚರೆ ತೊಡೆಯೊಳಗೇ ಉಳಿದವು. ಈಡು ಹೊಡೆದವನು ಆಮೇಲೆ ಕೋವಿ ಮುಟ್ಟಲಿಲ್ಲವಂತೆ. ಅಜ್ಜ ಯಾರನ್ನೂ ಬೈಯುತ್ತಿರಲಿಲ್ಲ. ಹೇಳಿದ ಮರದಲ್ಲೇ ಬೆಳಗಿನವರೆಗೆ ಇರಬೇಕು, ಇರಲಾಗದಿದ್ದರೆ ಕೂಕುಳು ಹಾಕಿ ಇಳಿಯಬೇಕು, ಬೇಟೆ ಹಾಳಾದರೆ ಹಾಳಾಗಲಿ ಅಂತ ಮಾತ್ರ ಹೇಳುತ್ತಿದ್ದರು. ಹಾಗೇ ಇನ್ನೊಂದು ವಿಷಯ: ಬೆಳಗಾದ ಮೇಲೆ ಅಟ್ಟಣೆಯ ಕಟ್ಟು ಬಿಚ್ಚಿ ದಬ್ಬೆ ಕೆಳಗೆ ಹಾಕಿ ಬರಬೇಕು. ಬಿಟ್ಟು ಬಂದರೆ ಹಗ್ಗ ಮಳೆಗೆ ಕೊಳೆತಿರುತ್ತದೆ, ಇನ್ಯಾರೋ ನಂಬಿ ಹತ್ತುತ್ತಾರೆ. ಹಣ್ಣು ಮುಗಿಯುವವರೆಗೆ ಈ ಮರ ಇವರದು ಅನ್ನುವ ಮಾತು ನಮ್ಮ ಕಡೆ ಇರಲಿಲ್ಲ. ಆ ಸಂಜೆ ಅಂಗಳದಲ್ಲಿ ಮೊದಲು ಯಾರು ಹೇಳಿದರೋ ಆ ರಾತ್ರಿಗೆ ಅವರದು.

ಇದನ್ನೆಲ್ಲ ಕೇಳಿ ಬೆಳೆದ ನಾನು, ಕೆರೆ ದಂಡೆಯಲ್ಲಿ ಬಲೆ ಕಟ್ಟಿ ಮೂರು ವಾರ ಬಿಟ್ಟು, ಕೂತಿದ್ದ ಹುಡುಗನ ಮುಖಕ್ಕೆ ಟಾರ್ಚ್ ಬಿಟ್ಟವನು.

ಆ ವಾರ ಬಲೆ ಬಿಚ್ಚಿ ತರೋಣ ಅಂತಲೇ ಹೋದೆ. ಬಲೆ ಇರಲಿಲ್ಲ. ಎರಡು ಮರಕ್ಕೂ ಹಗ್ಗದ ತುಂಡುಗಳಿದ್ದವು. ಸಿಟ್ಟು ಬರುವಷ್ಟರಲ್ಲಿ ನೀರಿನ ಕಡೆಯಿಂದ ಒಬ್ಬ ಮೀನುಗಾರ ಥರ್ಮಾಕೋಲ್ ತೆಪ್ಪದ ಮೇಲೆ ಕೂತು ದಡಕ್ಕೆ ಬಂದ. ಇಳಿದು, ತೆಪ್ಪವನ್ನು ಎಳೆದು, ಎರಡು ಜಾಲಿ ಮರಗಳ ಸರೀ ನಡುವೆ ನಿಲ್ಲಿಸಿದ. ಆಮೇಲೆ ನನ್ನ ಕಡೆ ನೋಡಿ "ಆ ವಲ ಮೀದೇನಾ ಸಾರ್?" ಅಂದ. ವಲ ಅಂದರೆ ಬಲೆ. ಹೌದು ಅನ್ನಾ ಅಂದೆ.

ಬಂಡೆಯ ಸಂದಿಯಿಂದ ಮಡಚಿಟ್ಟ ಬಲೆ ತೆಗೆದುಕೊಟ್ಟ. ಹಾರಿಹೋಗದ ಹಾಗೆ ಮೇಲೊಂದು ಕಲ್ಲು ಇಟ್ಟಿದ್ದ. ನಡುವೆ ಒಂದು ಮೊಳದಷ್ಟು ಚಾಕುವಿನಿಂದ ಕೊಯ್ದಿತ್ತು. ಕೊಂಗ ಸಿಕ್ಕಿಕೊಂಡಿತ್ತು ಅಂದ. ಕೊಂಗ ಅಂದರೆ ಬಕ. ಗಾಳಿಗೆ ಬಲೆಯ ಒಂದು ಕಡೆ ಬಿಚ್ಚಿ ನೀರಿನ ಮೇಲೆ ಜೋಲಾಡುತ್ತಿತ್ತಂತೆ. ರಾತ್ರಿಯೆಲ್ಲ ಒದ್ದಾಡಿರಬೇಕು, ಬೆಳಿಗ್ಗೆ ನೋಡಿದಾಗ ಕಾಲಿಗೆ ಮೂರು ಸುತ್ತು ಸುತ್ತಿತ್ತು, ಕೊಯ್ದು ಬಿಟ್ಟೆ ಅಂದ. ಹಾರಿತಾ ಅಂತ ಕೇಳಿದೆ. ಹಾರಿತು, ಒಂದು ಕಾಲು ಕೆಳಗೆ ನೇತಾಡುತ್ತಿತ್ತು ಅಂತ ತನ್ನ ಅಂಗೈಯನ್ನು ಕೆಳಗೆ ಇಳಿಬಿಟ್ಟು ತೋರಿಸಿದ.

ಆಮೇಲೆ ಅವನೇ ಹೇಳಿದ್ದು ಇನ್ನೊಂದು. ಆ ಎರಡು ಮರಗಳ ಸಂದು ಅವನು ತೆಪ್ಪ ಎಳೆಯುವ ಜಾಗ. ಅಲ್ಲಿ ಮಾತ್ರ ಬಂಡೆಯಿಲ್ಲ, ಮಣ್ಣಿನ ಇಳಿಜಾರು. ಬಲೆ ಕಂಡಾಗಿನಿಂದ ಅವನು ಆ ಕಡೆಯಿಂದ ಸುತ್ತಿ, ಬಂಡೆ ಮೇಲೆ ತೆಪ್ಪ ಹೊತ್ತು ಇಳಿಸುತ್ತಿದ್ದ. ಯಾಕೆ, ಕಿತ್ತು ಹಾಕಬಾರದಿತ್ತಾ ಅಂದೆ. ಈಗ ಎಲ್ಲಾ ಕೆರೆಯಲ್ಲೂ ಎಫ್‌ಟಿಎಲ್ ಅಂತ ಅಳೆಯುತ್ತಿದ್ದಾರಲ್ಲ ಸಾರ್, ಆಫೀಸರುಗಳು ಗುರುತಿಗೆ ಕಟ್ಟಿರಬೇಕು ಅಂದುಕೊಂಡೆ ಅಂದ. ಕೆರೆಯ ಪೂರ್ತಿ ನೀರಿನ ಗಡಿಗೆ ಎಫ್‌ಟಿಎಲ್ ಅಂತಾರೆ. ಈಗ ಹೈದರಾಬಾದಿನಲ್ಲಿ ಆ ಮೂರು ಅಕ್ಷರಕ್ಕೆ ಹೆದರದವರಿಲ್ಲ. ಈ ಕೆರೆಗೆ ಮೀನುಮರಿ ಬಿಟ್ಟು, ಬಲೆ ಹಾಕಿ, ಅದರಲ್ಲೇ ಬದುಕುವವನು ನನ್ನ ಸಾವಿರ ರೂಪಾಯಿಯ ಬಟ್ಟೆಗೆ ಹೆದರಿ ಮೂರು ವಾರ ಬಂಡೆ ಹತ್ತಿ ಇಳಿದಿದ್ದ.

ಕ್ಷಮಿಸು ಅನ್ನಲು ತೆಲುಗಿನಲ್ಲಿ ಸರಿಯಾದ ಮಾತು ಬಾಯಿಗೆ ಬರಲಿಲ್ಲ. ಸಾರಿ ಅಂದೆ. ಅವನು ಪರವಾಗಿಲ್ಲ ಸಾರ್ ಅಂತ ಬೀಡಿ ಹಚ್ಚಿದ.

ಈಗ ಆ ಜಾಗಕ್ಕೆ ಬರುವ ಏಳೆಂಟು ಜನ ನಾವು ಒಂದು ರೂಢಿ ಮಾಡಿಕೊಂಡಿದ್ದೇವೆ. ನಿಯಮ ಅನ್ನುವಷ್ಟು ದೊಡ್ಡದೇನಲ್ಲ. ಶನಿವಾರ ರಾತ್ರಿಯೇ ಯಾರು ಯಾವ ಬಂಡೆಗೆ ಅಂತ ಮೊಬೈಲಿನಲ್ಲಿ ಹಾಕುತ್ತೇವೆ. ಅಜ್ಜನ ಅಂಗಳ ಈಗ ವಾಟ್ಸಾಪಿಗೆ ಬಂದಿದೆ ಅನ್ನಬಹುದು. ತಡವಾಗಿ ಬಂದವರು ನೀರಿನ ಅಂಚಿನಲ್ಲಿ ನಡೆಯದೆ ಏರಿಯ ಹಿಂಬದಿಯಿಂದ ಬರುತ್ತಾರೆ. ಗೂಡು ಕಂಡರೆ ಜಾಗ ಯಾರಿಗೂ ಹೇಳುವುದಿಲ್ಲ, ಗುಂಪಿಗೂ ಹೇಳುವುದಿಲ್ಲ. ಇದರ ಬಗ್ಗೆ ಒಬ್ಬರ ಜೊತೆ ಜಗಳವೂ ಆಯಿತು, ಅವರು ಈಗ ಬೇರೆ ಕೆರೆಗೆ ಹೋಗುತ್ತಾರೆ. ಮೀನುಗಾರರು ಬಂದರೆ ನಾವು ಏಳುತ್ತೇವೆ, ಎಷ್ಟೇ ಒಳ್ಳೆಯ ಬೆಳಕಿದ್ದರೂ. ಇದಕ್ಕೆ ಮಾತ್ರ ಎಲ್ಲರೂ ಒಪ್ಪಲು ಬಹಳ ದಿನ ಹಿಡಿಯಿತು. "ನಾವೂ ಟ್ಯಾಕ್ಸ್ ಕಟ್ತೀವಿ" ಅಂತ ಒಬ್ಬರು ಅಂದರು. ಕಟ್ಟುತ್ತೇವೆ, ನಿಜ. ಆದರೆ ನಮಗೆ ಮಿಂಚುಳ್ಳಿ ಸಿಗದಿದ್ದರೆ ಹೋಗುವುದು ಒಂದು ಭಾನುವಾರ ಅಷ್ಟೇ. ಮರೆ ಬೇಕಾದವರು ಈಗ ಕೊಡೆಯ ಹಾಗೆ ಮಡಚುವ ಪುಟ್ಟ ಗುಡಾರ ತರುತ್ತಾರೆ, ಹೋಗುವಾಗ ಹೊತ್ತೊಯ್ಯುತ್ತಾರೆ. ನಾನು ಹಳೇ ಬೂದು ಬಣ್ಣದ ಕಂಬಳಿ ಹೊದ್ದು ಕೂರುತ್ತೇನೆ. ಮಿಂಚುಳ್ಳಿಗೆ ಅದೇನೂ ಬೇಸರವಿಲ್ಲ. ಅದರ ಕೊಂಬೆ ಇನ್ನೂ ಅದರದ್ದೇ. ಒಮ್ಮೊಮ್ಮೆ ಬೆಳ್ಳಕ್ಕಿ ಬಂದು ಕೂತಿದ್ದರೆ ಅದೂ ಒಂದು ಸುತ್ತು ಹಾರಿ ಬೇರೆ ಕೊಂಬೆ ನೋಡಿಕೊಳ್ಳುತ್ತದೆ.

ಆ ಹುಡುಗ ಮತ್ತೆ ಸಿಕ್ಕಿದ್ದು ಜನವರಿಯಲ್ಲಿ. ಕತ್ತಲಲ್ಲಿ ಬಂಡೆ ಹತ್ತಿರ ಹೋದರೆ ಮರಗಳ ನಡುವೆ ಯಾರೋ ಕೂತಿದ್ದಾರೆ. ನಾನು ಟಾರ್ಚ್ ಕೆಳಗೆ ಮಾಡಿ ಹಿಂದಕ್ಕೆ ತಿರುಗಿದೆ, ಇನ್ನೂರು ಹೆಜ್ಜೆ ಆಚೆ ಇನ್ನೊಂದು ಬಂಡೆಗೆ ಹೋಗಿ ಕೂತೆ. ಅಲ್ಲಿ ಬೆಳಕು ಎದುರಿಗೆ, ಒಂದೂ ಫೋಟೊ ಬರಲಿಲ್ಲ. ಎಂಟು ಗಂಟೆಗೆ ಏರಿಯ ಮೇಲೆ ಎದುರಾದಾಗ ಗುರುತು ಸಿಕ್ಕಿತು. ಈ ಸಲ ಕನ್ನಡದಲ್ಲೇ ಮಾತಾಡಿದೆ. ಅವತ್ತು ನಾನು ಮಾಡಿದ್ದು ತಪ್ಪು ಅಂದೆ.

"ನೀವು ಕನ್ನಡದವ್ರೇನ್ರಿ?" ಅಂತ ಅವನು ಬೆರಗಾಗಿ ನಿಂತ. ಆಮೇಲೆ ನಕ್ಕು, "ಅವತ್ತೇ ಹೇಳಿದ್ರ ನಾನೂ ಕನ್ನಡದಾಗ ಬೈತಿದ್ದೆ ನೋಡ್ರಿ. ತೆಲುಗು ಬರಂಗಿಲ್ಲಂತ ಸುಮ್ನ ಎದ್ದೋದೆ" ಅಂದ. ಭಾಲ್ಕಿ ಕಡೆಯವನು. ನಮ್ಮ ಬೀದಿಯಿಂದ ನಾಲ್ಕು ಬೀದಿ ಆಚೆ ಹಾಸ್ಟೆಲ್ಲು. ಬೆಳಗಿನ ಜಾವ ಕೆರೆಗೆ ಬರಲು ಆಟೊಗೆ ಇನ್ನೂರು ಕೊಡುತ್ತಾನಂತೆ. ಮುಂದಿನ ವಾರದಿಂದ ನಮ್ಮನೆ ಹತ್ತಿರ ಬಾ, ಒಟ್ಟಿಗೆ ಹೋಗೋಣ ಅಂದೆ. ಈಗ ಬರುತ್ತಾನೆ. ದಾರಿಯುದ್ದಕ್ಕೂ ಮಾತು, ಬಂಡೆಯ ಮೇಲೆ ಮೌನ. ಲೆನ್ಸು ಒಂದು ಗಂಟೆ ನನಗೆ, ಒಂದು ಗಂಟೆ ಅವನಿಗೆ.

ಮಿಷಿಗನ್ನಿನವನಿಗೆ ಬಕದ ಕಥೆ ಹೇಳಿದೆ. ಆತ ತಕ್ಷಣ ಏನೂ ಅನ್ನಲಿಲ್ಲ. ತನ್ನ ಅಟ್ಟಣೆಯಲ್ಲಿ ಕೂತಿದ್ದವನು ಇಳಿದು ಹೋಗುವಾಗ ಹಲಗೆಯ ಮೇಲೆ ಒಂದು ಚಾಕೊಲೇಟ್ ಇಟ್ಟು ಹೋಗಿದ್ದ, ಅದನ್ನು ಅಳಿಲು ತಿಂದಿತ್ತು, ಕಾಗದ ಮಾತ್ರ ಸಿಕ್ಕಿತು ಅಂತ ಆಮೇಲೆ ಹೇಳಿದ.

ಬಕೆಟ್ಟಿನ ವಿಷಯಕ್ಕೆ ಬರುತ್ತೇನೆ. ಕೆರೆಯಿಂದ ಬಂದ ಆ ಭಾನುವಾರವೇ ಹೆಂಡತಿಗೆ ಹೇಳಿದೆ, ನಾಳೆಯಿಂದ ಬಕೆಟ್ ಇಡುವುದು ಬೇಡ, ಜಾಗ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಮೆಟ್ರೊ ಕಂಬದ ಹತ್ತಿರ ನಿಲ್ಲಿಸೋಣ ಅಂತ. ಅವಳು ನನ್ನನ್ನು ಒಮ್ಮೆ ನೋಡಿದಳು. "ಪಕ್ಕದ ಮನೆಯವರಿಗೆ ಹೇಳಿ, ಅವರು ಕುರ್ಚಿ ತೆಗೀಲಿ, ಆಮೇಲೆ ನಾವು ತೆಗೆಯೋಣ" ಅಂದಳು. ಪಕ್ಕದ ಮನೆ ರೆಡ್ಡಿಗಾರು ಹಾಸ್ಟೆಲ್ಲಿನವರ ಇಟ್ಟಿಗೆ ತೋರಿಸಿದರು. ಹಾಸ್ಟೆಲ್ಲಿನವರು ಓನರ್ ಊರಲ್ಲಿಲ್ಲ ಅಂದರು. ಮುಂದಿನ ಶನಿವಾರ ನಾನು ಆಫೀಸಿನಿಂದ ಬರುವಷ್ಟರಲ್ಲಿ ಅವಳು ಬಕೆಟ್ಟಿನ ಕಲ್ಲು ತೆಗೆದು ಗೊಬ್ಬರ ಹಾಕಿ ತುಳಸಿ ನೆಟ್ಟಿದ್ದಳು. ಅದು ಚೆನ್ನಾಗಿ ಬಂದಿದೆ. ಬೀದಿಯ ಹೆಂಗಸರು ಬೆಳಿಗ್ಗೆ ನೀರು ಹಾಕಿ, ಕುಂಕುಮ ಇಟ್ಟು ಹೋಗುತ್ತಾರೆ. ಈಗ ಅದನ್ನು ಸರಿಸುವ ಹಾಗೂ ಇಲ್ಲ.

ಕಾರು ಮೆಟ್ರೊ ಕಂಬದ ಹತ್ತಿರ ನಿಲ್ಲಿಸುತ್ತಿದ್ದೇನೆ.